ಸಹಾಯ ಬೇಕು: ಲಾಯರ್ ಇಲ್ದೆ ಬರೆಸ್ಕೊಂಡ ಹೇಳಿಕೆ ಬಗ್ಗೆ
ಎಲ್ರಿಗೂ ನಮಸ್ಕಾರ, ನನ್ನ ತಮ್ಮನ್ನ ನಿನ್ನೆ ಸಂಜೆ ಕಳ್ಳತನದ ಕೇಸಲ್ಲಿ ಅರೆಸ್ಟ್ ಮಾಡಿದ್ರು, ಲಾಯರ್ ಬರ್ಲಿ ಆಮೇಲೆ ಮಾತಾಡ್ತೀನಿ ಅಂತ ಅವ್ನು ಎಷ್ಟು ಕೇಳ್ಕೊಂಡ್ರೂ ಬಿಡದೆ ರಾತ್ರಿಯೆಲ್ಲಾ ಕೂರಿಸಿ ಏನೋ ಬರ್ಕೊಂಡು ಸೈನ್ ಹಾಕಿಸ್ಕೊಂಡಿದಾರೆ. ಓದೋಕೂ ಕೊಡ್ಲಿಲ್ವಂತೆ. ವಿಚಾರಣೆ ಟೈಮಲ್ಲಿ ಲಾಯರ್‌ನ ಭೇಟಿ ಮಾಡೋ ಹಕ್ಕು ಬಿಎನ್‌ಎಸ್‌ಎಸ್ ಅನ್ನೋ ಕಾನೂನಿನ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅರೆಸ್ಟ್-ತನಿಖೆ ಹೇಗೆ ನಡೀಬೇಕು ಅಂತ ಹೇಳೋದು) ಸೆಕ್ಷನ್ 38ರಲ್ಲಿದೆ (ಪೂರ್ತಿ ಹೊತ್ತು ಜೊತೆಗಿರೋಕೆ ಮಾತ್ರ ಇಲ್ಲ), ಪೊಲೀಸರ ಹತ್ರ ಹೇಳಿದ ತಪ್ಪೊಪ್ಪಿಗೆ ಭಾರತೀಯ ಸಾಕ್ಷ್ಯ ಅಧಿನಿಯಮ 2023ರ ಸೆಕ್ಷನ್ 23ರ ಪ್ರಕಾರ ಅವನ ವಿರುದ್ಧ ನಡೆಯಲ್ಲ, ಇಷ್ಟು ಓದ್ಕೊಂಡೆ. ಆದ್ರೆ ಅವ್ನು ತೋರಿಸಿದ ಜಾಗದಲ್ಲೇ ಮಾಲು ಸಿಕ್ತು ಅಂತ ಬೆಳಿಗ್ಗೆ ಪಂಚನಾಮೆ ಬರ್ದಿದಾರೆ, ಆ ವಸ್ತು ಸಿಗೋಕೆ ಕಾರಣವಾದ ಮಾತಷ್ಟು ಕೋರ್ಟಲ್ಲಿ ನಿಲ್ಲುತ್ತಂತೆ, ನಂಗೆ ಇದೇ ಭಯ. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸ್ಬೇಕಲ್ಲ, ಒತ್ತಾಯದ ಸೈನ್ ವಿಷಯ ಅಲ್ಲಿ ಬಾಯಲ್ಲಿ ಹೇಳಿದ್ರೆ ಸಾಕಾ, ಬರೆದು ಅರ್ಜಿ ಕೊಡ್ಬೇಕಾ? ಲಾಯರ್ ಫೀಸ್ ಕೊಡೋ ಶಕ್ತಿ ಇಲ್ಲ, ಕಾನೂನು ಸೇವಾ ಪ್ರಾಧಿಕಾರದಿಂದ ಇವತ್ತೇ ಯಾರನ್ನಾದ್ರೂ ಕಳಿಸ್ತಾರಾ? ಗೊತ್ತಿರೋರು ದಯವಿಟ್ಟು ಬೇಗ ಹೇಳಿ, ಅಮ್ಮ ಊಟಾನೂ ಮಾಡ್ತಿಲ್ಲ.