ಎಂಟಡಿ ಕೋಣೆಯಲ್ಲಿ ವಿಆರ್ ಹಾಕ್ಕೊಂಡು ನಡೆಯೋದು ಹೇಗೆ?

ಕೌಲ್‌ಬಜಾರ್ ಹೊಲಿಗೆ:
ಬಳ್ಳಾರಿಯವನು. ಮನೆಯಲ್ಲೇ ಜೀನ್ಸ್ ಹೊಲಿಯುತ್ತೇನೆ. ಬಂಡಲ್ ಇಡುವ ಕೋಣೆ ಎಂಟಡಿಗೆ ಹತ್ತಡಿ. ಸೆಕೆಂಡ್ ಹ್ಯಾಂಡ್ ಕ್ವೆಸ್ಟ್ 2 ತಗೊಂಡೆ, ಕಣ್ಣಿಗೆ ಕಟ್ಟಿಕೊಂಡರೆ ಸುತ್ತಲೂ ಆಟದ ಲೋಕ ಕಾಣಿಸೋ ವಿಆರ್ ಹೆಡ್‌ಸೆಟ್. ಅದು ಕೇಳುವ 2 ಮೀಟರ್‌ಗೆ 2 ಮೀಟರ್ ಜಾಗ, ಬಂಡಲ್ ಎಲ್ಲಾ ಮಂಚದ ಮೇಲೆ ಪೇರಿಸಿದರೆ ಹೇಗೋ ಸಿಗುತ್ತೆ. ಆದರೆ ಎದುರಿಗೆ ಉದ್ದ ಕಾಡುದಾರಿ ಕಾಣ್ತಿರುತ್ತೆ, ಮೂರು ಹೆಜ್ಜೆ ಇಟ್ಟರೆ ‘ಜಾಗ ಮುಗೀತು’ ಅಂತ ಎಚ್ಚರಿಸೋ ಗೆರೆಗಳ ಬೇಲಿ ಎದ್ದು ನಿಲ್ಲುತ್ತೆ. ನಿಂತಲ್ಲೇ ಕೈಯಲ್ಲಿರೋ ಕಂಟ್ರೋಲರ್‌ನ ಸ್ಟಿಕ್ ಒತ್ತಿ ಹೋದರೆ ಹತ್ತೇ ನಿಮಿಷಕ್ಕೆ ಹೊಟ್ಟೆ ತೊಳಸುತ್ತೆ, ಸಂಡೂರು ಘಾಟಿಯಲ್ಲಿ ಬಸ್ಸಿನ ಹಿಂದಿನ ಸೀಟಲ್ಲಿ ಕೂತ ಹಾಗೆ. ಟೆಲಿಪೋರ್ಟ್ ಮಾಡಿದರೆ, ಅಂದ್ರೆ ಮುಂದಿನ ಜಾಗ ತೋರಿಸಿ ಒಂದೇ ಸಲಕ್ಕೆ ಅಲ್ಲಿಗೆ ಹಾರಿದರೆ, ಹೊಟ್ಟೆಗೇನೂ ಆಗಲ್ಲ. ಆದರೆ ಕುಪ್ಪಳಿಸಿ ಹೋಗೋದೂ ಒಂದು ನಡಿಗೆಯಾ? ಏನಾದರೂ ದಾರಿ ಇದೆಯಾ?

ರಾಯಚೂರು ಬಿಸಿಲು:
ಕಣ್ಣು ‘ಹೋಗ್ತಿದ್ದೀನಿ’ ಅನ್ನುತ್ತೆ, ಕಿವಿಯೊಳಗೆ ಸಮತೋಲ ನೋಡಿಕೊಳ್ಳೋ ಭಾಗ ‘ಇಲ್ಲ, ನಿಂತಿದ್ದೀಯ’ ಅನ್ನುತ್ತೆ. ಜಗಳ ಅಲ್ಲೇ. ಸ್ಟಿಕ್‌ನಿಂದ ತಿರುಗಬೇಡಿ, ಮೈಯಿಂದ ತಿರುಗಿ. ಸ್ಟಿಕ್‌ನಿಂದಲೇ ತಿರುಗಬೇಕು ಅಂದ್ರೆ ಸೆಟಿಂಗ್ಸ್‌ನಲ್ಲಿ ಸ್ನ್ಯಾಪ್ ಟರ್ನ್ ಇಟ್ಟುಕೊಳ್ಳಿ, ದೃಶ್ಯ ನಿಧಾನಕ್ಕೆ ಸುತ್ತದೆ ತಟ್ಟನೆ ತಿರುಗುತ್ತೆ.

ಗಂಗಾವತಿ ಮೇಷ್ಟ್ರು:
ಗಾಣದ ಎತ್ತು ನೆನಪಿದೆಯಾ? ಕಣ್ಣಿಗೆ ಬಟ್ಟೆ, ಇಡೀ ದಿನ ಸುತ್ತಿನಲ್ಲೇ ನಡಿಗೆ. ಇದೇ ಉಪಾಯವನ್ನು ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ ರಝಾಕ್, ಕೋನ್, ವಿಟ್ಟನ್ ಅನ್ನೋ ಸಂಶೋಧಕರು 2001ರಲ್ಲಿ ಮನುಷ್ಯರ ಮೇಲೆ ಮಾಡಿದರು. ಹೆಸರು ರಿಡೈರೆಕ್ಟೆಡ್ ವಾಕಿಂಗ್. ನೀವು ನಡೆಯುವಾಗ ದೃಶ್ಯವನ್ನು ಗೊತ್ತಾಗದಷ್ಟು ಸ್ವಲ್ಪ ಸ್ವಲ್ಪ ತಿರುಗಿಸ್ತಾರೆ. ನೇರ ಹೋಗ್ತಿದ್ದೀನಿ ಅಂದ್ಕೊಂಡೇ ಸುತ್ತು ಹಾಕ್ತೀರಿ. ಆದರೆ ಅನುಮಾನ ಬರಬಾರದು ಅಂದ್ರೆ ಆ ಸುತ್ತಿನ ತ್ರಿಜ್ಯ ಸುಮಾರು 22 ಮೀಟರ್ ಇರಬೇಕು ಅಂತ 2010ರ ಒಂದು ಪ್ರಯೋಗ ಹೇಳಿತು. ಅಂದ್ರೆ ಈ ಕಡೆಯಿಂದ ಆ ಕಡೆಗೆ 44 ಮೀಟರ್. ನಿಮಗೆ ಮುನ್ಸಿಪಲ್ ಮೈದಾನವೇ ಬೇಕು!

ನಿಂತಲ್ಲೇ ತಿರುಗುವಾಗ ಮಾತ್ರ ಜಾಸ್ತಿ ಮೋಸ ಮಾಡಬಹುದು. ಆಟದಲ್ಲಿ 90 ಡಿಗ್ರಿ ತಿರುಗಿದಾಗ ಕಾಲು 130ರ ಹತ್ತಿರ ತಿರುಗಿದ್ದರೂ ಗೊತ್ತಾಗಲ್ಲ. ನಿಮ್ಮ ಕೋಣೆಗೆ ಹೊಂದೋದು ಬೇರೆ ಉಪಾಯ: ಆಟದೊಳಗೆ ನೀವು ಹಿಂದೆ ಬಿಟ್ಟ ಕೋಣೆಯ ಜಾಗದಲ್ಲೇ ಮುಂದಿನ ಕೋಣೆ ಕಟ್ಟೋದು. ‘ಟೀ ಫಾರ್ ಗಾಡ್’ ಅನ್ನೋ ಆಟ ಹಾಗೇ ಮಾಡುತ್ತೆ. ಸ್ಟಿಕ್ ಮುಟ್ಟೋದೇ ಬೇಡ.

ಕೊಪ್ಪಳದ ಅಕ್ಕ:
ನಡುವೆ ಒಂದು ಕೌದಿ ಮಡಚಿ ಹಾಸಿ, ಬರಿಗಾಲಲ್ಲಿ ಆಡಿ ತಮ್ಮಾ. ಕಾಲಿಗೇ ನಡು ಎಲ್ಲಿ ಅಂತ ತಿಳಿಯುತ್ತೆ. ಟೇಬಲ್ ಫ್ಯಾನ್ ಒಂದೇ ಕಡೆ ಇಡಿ. ಗಾಳಿ ಎಡಗೆನ್ನೆಗೆ ಬಂತು ಅಂದ್ರೆ ಬಾಗಿಲು ಯಾವ ಕಡೆ ಅಂತ ಲೆಕ್ಕ ಸಿಗುತ್ತೆ.

ಕೌಲ್‌ಬಜಾರ್ ಹೊಲಿಗೆ:
ಅಕ್ಕಾ, ಪರಸಿ ಕಲ್ಲಿನ ಮೇಲೆ ಕೌದಿ ಜಾರಿತು, ನಾನೂ ಜಾರಿದೆ. ಆಮೇಲೆ ಜೀನ್ಸ್ ಕಟಿಂಗ್ ತುಂಡು ಜೋಡಿಸಿ ದುಂಡಗೆ ಒಂದು ಮ್ಯಾಟ್ ಹೊಲಿದೆ, ಅಡಿಗೆ ಹಳೇ ಟ್ಯೂಬಿನ ರಬ್ಬರ್. ಸೊಂಟಪಟ್ಟಿಯ ದಪ್ಪ ಹೊಲಿಗೆ ಬಾಗಿಲ ಕಡೆಗೆ ಬರೋ ಹಾಗೆ ಇಟ್ಟಿದ್ದೀನಿ. ಹೆಬ್ಬೆರಳಿಗೆ ಸಿಕ್ಕ ಕೂಡಲೇ ದಿಕ್ಕು ಗೊತ್ತಾಗುತ್ತೆ.

ಮೇಷ್ಟ್ರೇ, ನೀವು ಹೇಳಿದ ಆಟದಲ್ಲಿ ಅರ್ಧ ಗಂಟೆ ನಡೆದೆ, ಹೊಟ್ಟೆ ತೊಳಸಲಿಲ್ಲ. ಯಾವುದೋ ದೊಡ್ಡ ಕಟ್ಟಡ ದಾಟಿ ಬಂದೆ ಅಂತಲೇ ಅನ್ನಿಸಿತ್ತು. ಬಾಗಿಲಲ್ಲಿ ನಿಂತಿದ್ದ ಅಮ್ಮ ಮಾತ್ರ, ‘ಮ್ಯಾಟ್‌ಗೆ ಯಾಕೋ ಪ್ರದಕ್ಷಿಣೆ ಹಾಕ್ತಿದ್ದೀಯಾ?’ ಅಂದರು.