ಬಿ-ಎಎಲ್‌ಎಲ್ ಮ್ಯಾರೋದಲ್ಲಿ ಮೆಟಾಫೇಸ್ ಸಿಗುತ್ತಿಲ್ಲ, ಸಿಕ್ಕರೂ ಮೊಂಡು

ಕಲ್ಚರ್‌ಕೋಣೆ:
ಮಗುವಿನ ಬಿ-ಎಎಲ್‌ಎಲ್ (ಒಂದು ಬಗೆಯ ರಕ್ತದ ಕ್ಯಾನ್ಸರ್) ಬೋನ್ ಮ್ಯಾರೋ, ಕ್ರೋಮೋಸೋಮು ನೋಡಲು. ಸೋಡಿಯಂ ಹೆಪಾರಿನ್ ಟ್ಯೂಬು, ಶೇ 20 ಸೀರಂ ಹಾಕಿದ 5 ಮಿ.ಲೀ. ಆರ್‌ಪಿಎಂಐ ಮೀಡಿಯಂ, 24 ಗಂಟೆ ಕಲ್ಚರ್. ವಿಭಜನೆಯನ್ನು ಮೆಟಾಫೇಸ್‌ನಲ್ಲಿ (ಕ್ರೋಮೋಸೋಮು ಬಿಡಿಯಾಗಿ ಕಾಣುವ ಹಂತ) ನಿಲ್ಲಿಸುವ ಕೋಲ್ಸೆಮಿಡ್ ಮಿ.ಲೀ.ಗೆ 0.1 ಮೈಕ್ರೊಗ್ರಾಂ, ಎರಡು ಗಂಟೆ. ಸಿಎಂಎಲ್‌ನಲ್ಲಿ (ಇನ್ನೊಂದು ಬಗೆಯ ರಕ್ತದ ಕ್ಯಾನ್ಸರ್) ಇದೇ ವಿಧಾನಕ್ಕೆ 20 ಮೆಟಾಫೇಸ್ ಸಲೀಸಾಗಿ ಸಿಗುತ್ತವೆ. ಇಲ್ಲಿ ಎಂಟೇ ಸಿಕ್ಕಿವೆ, ಎಲ್ಲದರಲ್ಲೂ 46 ಕ್ರೋಮೋಸೋಮು. ನಾರ್ಮಲ್ ಅಂತ ರಿಪೋರ್ಟ್ ಕೊಡಬಹುದೇ?

ಬ್ಯಾಂಡ್400:
ಖಂಡಿತ ಬೇಡ. ನಾರ್ಮಲ್ ಅನ್ನಲು 20 ಬೇಕು. ಅದಕ್ಕಿಂತ ಮುಖ್ಯ, ಆ ಎಂಟನ್ನು ಆರಿಸಿದ್ದು ಹೇಗೆ? ಎಎಲ್‌ಎಲ್‌ನಲ್ಲಿ ಚೆನ್ನಾಗಿ ಹರಡಿ ಬ್ಯಾಂಡ್ (ಬಣ್ಣ ಹಾಕಿದಾಗ ಕಾಣುವ ಪಟ್ಟೆ) ತೋರಿಸುವವು ಹೆಚ್ಚಾಗಿ ನಾರ್ಮಲ್ ಕೋಶಗಳವೇ. ರೋಗದ ಕೋಶದ ಕ್ರೋಮೋಸೋಮುಗಳು ಊದಿಕೊಂಡು, ಅಂಚು ಮಸುಕಾಗಿ, ಒಂದರ ಮೇಲೊಂದು ಬಿದ್ದಿರುತ್ತವೆ. ಚೆಂದದ್ದನ್ನು ಹುಡುಕದೆ ಸ್ಲೈಡಿನ ಒಂದು ತುದಿಯಿಂದ ಬಂದದ್ದನ್ನೆಲ್ಲ ಎಣಿಸಿ. ಬ್ಯಾಂಡ್ ಓದಲಾಗದಿದ್ದರೂ 55ರ ಸುತ್ತಮುತ್ತ ಎಣಿಕೆ ಬಂದರೆ ಅದೇ ರೋಗದ ಕೋಶದ ದೊಡ್ಡ ಸುಳಿವು.

ಕ್ರೋಮೋಸೋಮು ಗಿಡ್ಡವಾಗಿ ಮೊಂಡಾಗುವುದಕ್ಕೆ ಕೋಲ್ಸೆಮಿಡ್ ಕಾರಣ. 30 ನಿಮಿಷಕ್ಕೆ ಇಳಿಸಿ. ಸಂಖ್ಯೆ ಬೇಕಿದ್ದರೆ ಬೇರೊಂದು ಟ್ಯೂಬಿಗೆ ಕೋಲ್ಸೆಮಿಡ್ ಹತ್ತರಲ್ಲೊಂದು ಪಾಲು ಹಾಕಿ ರಾತ್ರಿಯಿಡೀ ಬಿಡಿ. ಸ್ಯಾಂಪಲ್ ಎಷ್ಟು ಹಾಕುತ್ತೀರಿ? ಮಿ.ಲೀ.ಗೆ 10 ಲಕ್ಷ ಕೋಶ ಸಾಕು.

ಹಾರ್ವೆಸ್ಟ್ (ಕಲ್ಚರಿನ ಕೋಶವನ್ನು ಸ್ಲೈಡಿಗೆ ಸಿದ್ಧ ಮಾಡುವುದು) ಕಡೆಯೂ ನೋಡಿ: ಕೋಶ ಊದಿಸಲು 0.075 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್, 37 ಡಿಗ್ರಿ, 20 ನಿಮಿಷ. ಮೊದಲ ಫಿಕ್ಸೇಟಿವ್ (ಕೋಶವನ್ನು ಇದ್ದಂತೆ ಹಿಡಿದಿಡುವ ದ್ರಾವಣ) ಹನಿಹನಿಯಾಗಿ, ಟ್ಯೂಬು ಅಲುಗಾಡಿಸುತ್ತ. ಒಮ್ಮೆಲೇ ಸುರಿದರೆ ಗಂಟು ಕಟ್ಟುತ್ತದೆ, ಆಮೇಲೆ ಏನು ಮಾಡಿದರೂ ಬಿಡುವುದಿಲ್ಲ. ಮೆಥನಾಲ್ ಮೂರು ಪಾಲು, ಅಸಿಟಿಕ್ ಆಸಿಡ್ ಒಂದು, ಆಗಲೇ ಬೆರೆಸಿದ್ದು. ಕರಾವಳಿಯ ಮಳೆಗಾಲದಲ್ಲಿ ಸ್ಲೈಡ್ ನಿಧಾನ ಒಣಗಿ ಮೆಟಾಫೇಸ್ ಒಡೆದು ಚದುರುತ್ತದೆ. ಕೋಣೆಯ ತೇವ ಶೇ 50ರ ಆಸುಪಾಸಿರಲಿ.

ಕೆಂಪುಹಸಿರು:
ಕ್ಯಾರಿಯೋಟೈಪ್‌ಗೆ (ಎಲ್ಲ ಕ್ರೋಮೋಸೋಮುಗಳ ಚಿತ್ರ) ಕಾಯದೆ ಫಿಶ್ (ಹೊಳೆಯುವ ಪ್ರೋಬ್ ಅಂಟಿಸಿ ಜೀನ್ ನೋಡುವ ಪರೀಕ್ಷೆ) ಹಾಕಿ. ಮಕ್ಕಳ ಬಿ-ಎಎಲ್‌ಎಲ್‌ನಲ್ಲಿ ಸಾಮಾನ್ಯವಾದ 12 ಮತ್ತು 21ನೇ ಕ್ರೋಮೋಸೋಮುಗಳ ತುಣುಕಿನ ಅದಲುಬದಲು ಜಿ-ಬ್ಯಾಂಡಿಂಗ್‌ಗೆ ಕಾಣುವುದೇ ಇಲ್ಲ. ಅದಲಾದ ತುಣುಕುಗಳ ಬ್ಯಾಂಡ್ ಒಂದೇ ಥರ. 20 ಒಳ್ಳೆಯ ಮೆಟಾಫೇಸ್ ಸಿಕ್ಕರೂ ತಪ್ಪಿಹೋಗುತ್ತಿತ್ತು. ಫಿಶ್‌ಗೆ ಕೋಶ ವಿಭಜನೆ ಬೇಕಿಲ್ಲ, 200 ನ್ಯೂಕ್ಲಿಯಸ್ ಎಣಿಸಿದರಾಯಿತು. ಈ ಅದಲುಬದಲು ಹುಡುಕುವ ಅದೇ ಪ್ರೋಬಿನಲ್ಲಿ 21ರ ಮೇಲಿನ ರನ್‌ಎಕ್ಸ್1 ಜೀನಿನ ಸಿಗ್ನಲ್ ಒಂದು ಕೋಶದಲ್ಲಿ ಐದು ಅಥವಾ ಹೆಚ್ಚಿದ್ದು ಗುಂಪಾಗಿ ಕೂತಿದ್ದರೆ 21ರ ಆಂಪ್ಲಿಫಿಕೇಶನ್ (ಒಂದು ಭಾಗದ ಪ್ರತಿಗಳು ಹೆಚ್ಚುವುದು) ಇರಬಹುದು.

ಕ್ರೋಮೋಸೋಮು ಹೀಗೆ ಹೆಚ್ಚಿರುವುದು ಚಿಕಿತ್ಸೆಗೆ ಒಗ್ಗುವ ಒಳ್ಳೆಯ ಗುಂಪು; ಆದರೂ ಎಣಿಕೆ 54 ಬಂತು ಅಂತ ಹಿಗ್ಗಬೇಡಿ. 4, 10, 17 ಎರಡೆರಡೇ ಇದ್ದು 14, 18, 21 ನಾಲ್ಕು ನಾಲ್ಕಾಗಿದ್ದರೆ ಅದು 27 ಕ್ರೋಮೋಸೋಮಿನ ಕ್ಲೋನ್ (ಒಂದೇ ಕೋಶದಿಂದ ಬೆಳೆದ ಗುಂಪು) ದುಪ್ಪಟ್ಟಾದದ್ದಿರಬಹುದು. ಒಳ್ಳೆಯ ಗುಂಪಿನ ವೇಷದಲ್ಲಿರುವ ಕೆಟ್ಟ ಗುಂಪು ಅದು.

ಕಲ್ಚರ್‌ಕೋಣೆ:
ಎಣಿಸದೆ ಅರ್ಧ ಮಿ.ಲೀ. ಹಾಕಿದ್ದೆವು. ಸ್ಯಾಂಪಲ್ಲಿನ ಕೋಶದ ಕೌಂಟ್ ಮೈಕ್ರೊಲೀಟರ್‌ಗೆ 80 ಸಾವಿರ. ಬೆಳಿಗ್ಗೆ ಮೀಡಿಯಂ ಹಳದಿಯಾಗಿತ್ತು.

ಬ್ಯಾಂಡ್400:
ಅಂದರೆ ಕಲ್ಚರಿನಲ್ಲಿ ಮಿ.ಲೀ.ಗೆ 80 ಲಕ್ಷ, ಎಂಟು ಪಟ್ಟು. ಅಲ್ಲೇ ಉಸಿರುಗಟ್ಟಿದೆ. 60 ಮೈಕ್ರೊಲೀಟರ್ ಸಾಕಿತ್ತು. ಉಳಿದ ಪೆಲೆಟ್ (ತಳಕ್ಕೆ ಕೂತ ಕೋಶ) ಎಸೆಯಬೇಡಿ. ಹೊಸ ಫಿಕ್ಸೇಟಿವ್ ಹಾಕಿ ಮೈನಸ್ 20ರಲ್ಲಿಡಿ, ಫಿಶ್ ಅದರಲ್ಲೇ ಆಗುತ್ತದೆ.