‘ಜಾರಿತು’, ‘ಜಾರಿಸಿದ’, ‘ಡ್ರಿಫ್ಟ್’: ಯಾವುದು ಯಾವಾಗ?

ಎಲ್ಲರಿಗೂ ನಮಸ್ಕಾರ.

ಲೋಕಾಪುರದಿಂದ ಮುಧೋಳಕ್ಕೆ ಹೊರಟಿದ್ದೆವು. ಕಬ್ಬಿನ ಟ್ರ್ಯಾಕ್ಟರುಗಳ ಗಾಲಿಗೆ ಮೆತ್ತಿಕೊಂಡು ಬಂದ ಎರಿಮಣ್ಣು ಡಾಂಬರಿನ ಮೇಲೆಲ್ಲ ಬಿದ್ದಿತ್ತು, ರಾತ್ರಿ ಮಳೆಯಾಗಿ ರಾಡಿ ಎದ್ದಿತ್ತು. ತಿರುವಿನಲ್ಲಿ ಬೊಲೆರೊದ ಹಿಂದಿನ ಗಾಲಿ ಹೊರಕ್ಕೆ ಸರಿದವು. ಓಡಿಸುತ್ತಿದ್ದ ನನ್ನ ತಮ್ಮ ಎಕ್ಸಲೇಟರ್ ಸಡಿಲಿಸಿ, ಹಿಂಭಾಗ ಜಾರಿದ ಕಡೆಗೇ ಸ್ಟೇರಿಂಗ್ ತಿರುವಿ ಗಾಡಿ ಹಿಡಿದ. ಮಗ ಹಿಂದಿನಿಂದ “ಡ್ರಿಫ್ಟ್ ಹೊಡದ್ರಿ ಕಾಕಾ!” ಎಂದ. “ಎಲ್ಲಿ ಡ್ರಿಫ್ಟೋ! ಗಾಡಿ ಜಾರ್ತು, ನಾ ಎಲ್ಲಿ ಜಾರಿಸೀನಿ?”

ತಮ್ಮನ ಈ ಮಾತಿನಲ್ಲೇ ವ್ಯಾಕರಣ ಇದೆ ಅನ್ನಿಸಿತು. ಮುಂದಿನ ಗಾಲಿಗಿಂತ ಹಿಂದಿನವು ಹೆಚ್ಚು ಅಡ್ಡ ಜಾರಿದರೆ ಅದು ಓವರ್‌ಸ್ಟಿಯರ್. ಕ್ಷಣದಲ್ಲಿ ಆಗಿ ಮುಗಿಯಬಹುದು, ಚಾಲಕನಿಗೆ ಬೇಡವಾಗಿಯೂ ಇರಬಹುದು. ಕನ್ನಡದಲ್ಲಿ ‘ಗಾಡಿ ಹಿಂದ ಜಾರಿತು’ ಅಂದರೆ ಸಾಕು. ಹ್ಯಾಂಡ್‌ಬ್ರೇಕ್ ಎಳೆದು ಬೇಕಂತಲೇ ಒಮ್ಮೆ ಹಿಂಭಾಗ ಅಡ್ಡ ಸರಿಯುವಂತೆ ಮಾಡಿದರೆ ‘ಜಾರಿಸಿದ’: ಓಡು–ಓಡಿಸು, ಕುಣಿ–ಕುಣಿಸು ಇದ್ದಹಾಗೆ. ಆದರೆ ಅದೂ ಡ್ರಿಫ್ಟ್ ಅಲ್ಲ. ಡ್ರಿಫ್ಟಿನಲ್ಲಿ ಸ್ಟೇರಿಂಗ್ ತಿರುವಿನ ಎದುರು ದಿಕ್ಕಿಗೆ, ಎಕ್ಸಲೇಟರ್ ಕಾಲಡಿಯಲ್ಲಿ, ಗಾಡಿ ತಿರುವು ಮುಗಿಯುವತನಕ ಮಗ್ಗಲಾಗಿಯೇ ಹೋಗಬೇಕು. 2004ರಲ್ಲಿ ಅಮೆರಿಕದಲ್ಲಿ ಶುರುವಾದ ಫಾರ್ಮುಲಾ ಡ್ರಿಫ್ಟ್ ಪಂದ್ಯಗಳಲ್ಲಿ ಅಂಕ ಕೊಡುವುದೂ ಗಾಡಿ ಹಿಡಿದ ದಾರಿ, ಅಡ್ಡಕೋನ, ಶೈಲಿ ನೋಡಿ; ಮೊದಲು ಬಂದವನಿಗಲ್ಲ. ಇದಕ್ಕೆ ನನ್ನ ಮಟ್ಟಿಗೆ ‘ಜಾರಿಸಿಕೊಂಡು ಹೋಗು’ ಸರಿ. ‘-ಇಸು’ದಲ್ಲಿ ಚಾಲಕನ ಕೈವಾಡ ಬಂತು, ‘-ಕೊಂಡು ಹೋಗು’ದಲ್ಲಿ ಅದು ಎಡೆಬಿಡದೆ ನಡೆದದ್ದು ಬಂತು.

ಕೆಲವರು ಬಳಸುವ ‘ತೇಲಿಸು’ ನನಗೆ ಒಪ್ಪಿಗೆಯಿಲ್ಲ. ಡ್ರಿಫ್ಟಿನಲ್ಲಿ ಟಾಯರು ನೆಲ ಬಿಡುವುದಿಲ್ಲ, ನೆಲಕ್ಕೆ ಉಜ್ಜಿಯೇ ಹೊಗೆ ಏಳುತ್ತದೆ. ರಸ್ತೆಯ ಮೇಲೆ ನಿಂತ ನೀರು ಟಾಯರನ್ನು ಎತ್ತಿಬಿಟ್ಟು ಸ್ಟೇರಿಂಗ್ ಹಗುರಾಗುತ್ತದಲ್ಲ, ‘ತೇಲು’ ಅದಕ್ಕೆ ಮೀಸಲಿರಲಿ.

ಒಂದು ತೊಡಕಿದೆ. ಗಾಡಿ ತಾನಾಗಿ ಜಾರಿತು, ಚಾಲಕ ಅದನ್ನು ನೇರ ಮಾಡದೆ ಎಕ್ಸಲೇಟರ್ ಒತ್ತಿ ತಿರುವು ಪೂರ್ತಿ ಹಾಗೇ ಒಯ್ದ. ಇದು ಯಾವುದು? ಶುರು ಮಾಡಿದ್ದು ರಾಡಿಯೇ ಇರಲಿ, ಹಿಡಿದು ನಡೆಸಿದ್ದು ಅವನಾದ್ದರಿಂದ ನಾನು ಡ್ರಿಫ್ಟ್ ಅನ್ನುತ್ತೇನೆ. ತಮ್ಮ ಒಪ್ಪುವುದಿಲ್ಲ, ಅವನಿಗೆ ಮೊದಲ ಜಾರೂ ಚಾಲಕನದೇ ಆಗಿರಬೇಕು.

ಇಂಡಿ, ಸಿಂದಗಿ, ಜಮಖಂಡಿ ಕಡೆ ಎರಿ ಹೊಲದ ದಾರಿಯಲ್ಲಿ ಜೀಪು, ಟ್ರ್ಯಾಕ್ಟರು ಓಡಿಸಿದವರ ಬಾಯಲ್ಲಿ ಹೀಗೆ ಮಗ್ಗಲಾಗಿ ಒಯ್ಯುವುದಕ್ಕೆ ಒಂದೇ ಪದ ಇದೆಯೇ? ಕೇಳಿದವರಿದ್ದರೆ, ಆಡಿದ ವಾಕ್ಯವನ್ನೇ ಹಾಗೇ ಬರೆದು ತಿಳಿಸಿರಿ.